ದಂಡ ಖಜಾನೆಗೆ, ನಷ್ಟ ಪಾಲಿಸಿದಾರರಿಗೆ

2024ರ ಸೆಪ್ಟೆಂಬರಿನಲ್ಲಿ ಚೆನ್ನೈ ಮೂಲದ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ಕಾಗದಪತ್ರಗಳು ಟೆಲಿಗ್ರಾಂನ ಚಾಟ್‌ಬಾಟ್‌ಗಳಲ್ಲಿ ಕೇಳಿದವರಿಗೆಲ್ಲ ಸಿಗುತ್ತಿವೆ ಎಂದು ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. ಹೆಸರು, ವಿಳಾಸ, ಫೋನ್ ನಂಬರುಗಳಷ್ಟೇ ಅಲ್ಲ, ಗುರುತಿನ ಚೀಟಿಯ ಪ್ರತಿ, ರಕ್ತಪರೀಕ್ಷೆಯ ವರದಿ, ಯಾರಿಗೆ ಯಾವ ರೋಗ ಎಂಬ ವಿವರ ಎಲ್ಲವೂ ಅದರಲ್ಲಿದ್ದವು. ತನ್ನ ಬಳಿ 3.1 ಕೋಟಿ ಜನರ ಮಾಹಿತಿ ಇದೆ ಎಂದು ಕದ್ದವನು ಹೇಳಿಕೊಂಡ. ಕಂಪನಿ ಮದ್ರಾಸ್ ಹೈಕೋರ್ಟಿಗೆ ಹೋಗಿ ಟೆಲಿಗ್ರಾಂ ಮತ್ತು ಆ ಕಳ್ಳನ ವಿರುದ್ಧ ತಡೆಯಾಜ್ಞೆ ತಂದಿತು. ತನ್ನಿಂದ 68,000 ಡಾಲರ್ ಸುಲಿಗೆಗೆ ಬೇಡಿಕೆ ಬಂದಿತ್ತೆಂದು ಅಕ್ಟೋಬರಿನಲ್ಲಿ ತಿಳಿಸಿತು. ಮರುವರ್ಷ ವಿಮಾ ನಿಯಂತ್ರಣ ಪ್ರಾಧಿಕಾರವು ಸೈಬರ್ ಸುರಕ್ಷತೆಯ ಮಾರ್ಗಸೂಚಿ ಪಾಲಿಸದ್ದಕ್ಕೆ ಕಂಪನಿಗೆ 3.39 ಕೋಟಿ ರೂಪಾಯಿ ದಂಡ ಹಾಕಿತು.

ಕಳ್ಳ ಹೇಳಿದ ಲೆಕ್ಕವನ್ನೇ ಹಿಡಿದರೆ ಅದು ತಲೆಗೆ ಒಂದು ರೂಪಾಯಿ ಒಂಬತ್ತು ಪೈಸೆ. ಆ ಒಂದು ರೂಪಾಯಿಯೂ ಪಾಲಿಸಿದಾರರ ಕೈಗೆ ಬರುವುದಿಲ್ಲ.

ಈ ಪ್ರಕರಣದಲ್ಲಿ ಎಲ್ಲರಿಗೂ ಒಂದೊಂದು ಪಾತ್ರವಿದೆ. ಕಂಪನಿ ನ್ಯಾಯಾಲಯಕ್ಕೆ ಹೋಗುತ್ತದೆ, ನಿಯಂತ್ರಕರು ದಂಡ ವಿಧಿಸುತ್ತಾರೆ, ಪೊಲೀಸರು ತನಿಖೆ ಮಾಡುತ್ತಾರೆ. ಯಾರ ಕಾಗದ ಬೀದಿಗೆ ಬಿತ್ತೋ ಅವರಿಗೆ ಮಾತ್ರ ಕೆಲಸವಿಲ್ಲ. ಅವರು ಪಾಸ್‌ವರ್ಡ್ ಬದಲಿಸಿ ಸುಮ್ಮನಿರಬೇಕು.

ಚೆನ್ನೈಯ ದಕ್ಷಿಣಕ್ಕಿರುವ ಪೆರುಂಗುಡಿಯ ಯಾವುದೋ ಐಟಿ ಕಚೇರಿಯಲ್ಲಿ ಕೆಲಸ ಮಾಡುವ ದಾವಣಗೆರೆಯ ಒಬ್ಬ ಇಂಜಿನಿಯರನ್ನು ಕಲ್ಪಿಸಿಕೊಳ್ಳಿ. ಊರಿನಲ್ಲಿರುವ ಅಪ್ಪ ಅಮ್ಮನನ್ನೂ ಸೇರಿಸಿ ಆಕೆ ಆರೋಗ್ಯ ವಿಮೆ ಮಾಡಿಸಿದ್ದಾಳೆ. ಅಪ್ಪನ ಡಯಾಲಿಸಿಸ್, ತನ್ನ ಒಂದು ಶಸ್ತ್ರಚಿಕಿತ್ಸೆ, ಎರಡರ ಕ್ಲೇಮು ಕಾಗದಗಳೂ ವಿಮಾ ಕಂಪನಿಯ ಸರ್ವರಿನಲ್ಲಿವೆ. ಅವು ಸೋರಿದರೆ ಬ್ಯಾಂಕಿನಿಂದ ಹಣ ಹೋಗದೇ ಇರಬಹುದು. ಆದರೆ ಮನೆಯಲ್ಲಿ ಮದುವೆ ಮಾತುಕತೆ ನಡೆಯುತ್ತಿರುವಾಗ ಆ ಶಸ್ತ್ರಚಿಕಿತ್ಸೆಯ ವರದಿ ಯಾರ ಮೊಬೈಲಿನಲ್ಲಿದೆಯೋ ಎಂಬ ಅಂಜಿಕೆ ಹೋಗುವುದಿಲ್ಲ. ಎಟಿಎಂ ಪಿನ್ ಬದಲಿಸಬಹುದು, ರೋಗದ ಚರಿತ್ರೆ ಬದಲಿಸಲಾಗದು. ಆಕೆಗೆ ಕಾನೂನು ಏನು ಕೊಡುತ್ತದೆ?

ಹಣವೇ ಹೋಗಿದ್ದರೆ ದಾರಿ ಸ್ವಲ್ಪ ಸ್ಪಷ್ಟ. 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ಬೇರೆಲ್ಲೋ ಆಗಿದ್ದು, ಗ್ರಾಹಕರು ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ಅವರ ಹೊಣೆ ಶೂನ್ಯ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತ್ತು. ಆದರೆ ಇದು ಬ್ಯಾಂಕಿನ ಜೊತೆಗಿನ ಲೆಕ್ಕ. ಮಾಹಿತಿಯನ್ನು ಸೋರಲು ಬಿಟ್ಟ ಕಂಪನಿಯ ಜೊತೆಗಿನ ಲೆಕ್ಕ ಹಾಗೇ ಉಳಿಯುತ್ತದೆ.

ಆ ಲೆಕ್ಕಕ್ಕೆ ಇರುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್. 2008ರ ತಿದ್ದುಪಡಿಯಲ್ಲಿ ಸೇರಿದ ಈ ಸೆಕ್ಷನ್ ಹೇಳುವುದಿಷ್ಟು: ಸೂಕ್ಷ್ಮ ವೈಯಕ್ತಿಕ ಮಾಹಿತಿಯನ್ನು ಇಟ್ಟುಕೊಂಡ ಕಂಪನಿ ಸುರಕ್ಷತೆಯಲ್ಲಿ ನಿರ್ಲಕ್ಷ್ಯ ತೋರಿ, ಅದರಿಂದ ಯಾರಿಗಾದರೂ ಅನ್ಯಾಯದ ನಷ್ಟವಾದರೆ ಅವರಿಗೆ ಪರಿಹಾರ ಕೊಡಬೇಕು. ಪಾಸ್‌ವರ್ಡ್, ಹಣಕಾಸಿನ ವಿವರ, ಆರೋಗ್ಯಸ್ಥಿತಿ, ವೈದ್ಯಕೀಯ ದಾಖಲೆ ಎಲ್ಲವೂ ಸೂಕ್ಷ್ಮ ಮಾಹಿತಿ ಎಂದು 2011ರ ನಿಯಮಗಳು ಪಟ್ಟಿ ಮಾಡಿವೆ. 5 ಕೋಟಿ ರೂಪಾಯಿವರೆಗಿನ ಬೇಡಿಕೆಯನ್ನು ಕೇಳುವವರು ನ್ಯಾಯಾಧೀಶರಲ್ಲ, ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿ. ಕಾಯ್ದೆ ಅವರನ್ನು ನ್ಯಾಯನಿರ್ಣಯಾಧಿಕಾರಿ ಎನ್ನುತ್ತದೆ. ಹೀಗೊಂದು ಬಾಗಿಲು ಇದೆಯೆಂದು ಗೊತ್ತಿರುವವರು ಕಡಿಮೆ.

ಆ ಬಾಗಿಲು ತಟ್ಟಿದವರಿಗೆ ಏನಾಯಿತು ಎಂಬುದಕ್ಕೆ ಚೆನ್ನೈಯಲ್ಲೇ ಉದಾಹರಣೆ ಇದೆ. ತೂತ್ತುಕುಡಿಯಲ್ಲಿ ಖಾತೆ ಇಟ್ಟುಕೊಂಡು ಅಬುಧಾಬಿಯಲ್ಲಿದ್ದ ಗ್ರಾಹಕರೊಬ್ಬರು ನಕಲಿ ಇಮೇಲಿನ ಬಲೆಗೆ ಬಿದ್ದು ಹಣ ಕಳೆದುಕೊಂಡಿದ್ದರು. ಅವರಿಗೆ ಐಸಿಐಸಿಐ ಬ್ಯಾಂಕ್ 12.85 ಲಕ್ಷ ರೂಪಾಯಿ ಕೊಡಬೇಕೆಂದು ತಮಿಳುನಾಡಿನ ಐಟಿ ಕಾರ್ಯದರ್ಶಿ 2010ರ ಏಪ್ರಿಲಿನಲ್ಲಿ ಆದೇಶಿಸಿದರು. 43ಎಯ ಅಕ್ಕಪಕ್ಕದ ಸೆಕ್ಷನ್‌ಗಳಡಿ ಬಂದ ಆ ಆದೇಶ ದೊಡ್ಡ ಸುದ್ದಿಯಾಯಿತು. ಬ್ಯಾಂಕ್ ಮೇಲ್ಮನವಿ ಸಲ್ಲಿಸಿತು. ಆದರೆ ಸೈಬರ್ ಮೇಲ್ಮನವಿ ನ್ಯಾಯಮಂಡಳಿಯ ಅಧ್ಯಕ್ಷರ ಕುರ್ಚಿ 2011ರಲ್ಲಿ ಖಾಲಿಯಾದದ್ದು 2017ರಲ್ಲಿ ಆ ಮಂಡಳಿಯೇ ಟೆಲಿಕಾಂ ನ್ಯಾಯಮಂಡಳಿಯಲ್ಲಿ ವಿಲೀನವಾಗುವವರೆಗೂ ತುಂಬಲಿಲ್ಲ. ಗ್ರಾಹಕರ ಪರ ತೀರ್ಪು ಗಟ್ಟಿಯಾಗುವಷ್ಟರಲ್ಲಿ 2019 ಬಂದಿತ್ತು. ಗೆದ್ದರೂ ಒಂಬತ್ತು ವರ್ಷ ಕಾಯಬೇಕಾಯಿತು.

ಇಷ್ಟು ಸಣಕಲು ಬಾಗಿಲನ್ನೂ ಈಗ ಮುಚ್ಚಲಾಗುತ್ತಿದೆ. 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು. ಸುರಕ್ಷತೆಯಲ್ಲಿ ಲೋಪವಾದರೆ 250 ಕೋಟಿವರೆಗೆ, ಸೋರಿಕೆಯನ್ನು ತಿಳಿಸದಿದ್ದರೆ 200 ಕೋಟಿವರೆಗೆ ದಂಡ. ಕೇಳಲು ಭಾರಿಯಾಗಿದೆ. ಆದರೆ 34ನೇ ಸೆಕ್ಷನ್ ಪ್ರಕಾರ ಆ ಹಣವೆಲ್ಲ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಮಾಹಿತಿ ಕಳೆದುಕೊಂಡವರಿಗೆ ಪರಿಹಾರ ಕೊಡಿಸುವ ಅಧಿಕಾರ ಡೇಟಾ ಸಂರಕ್ಷಣಾ ಮಂಡಳಿಗೆ ಇಲ್ಲ. ಜೊತೆಗೆ 44ನೇ ಸೆಕ್ಷನ್ ಹಳೆಯ 43ಎಯನ್ನು ತೆಗೆದುಹಾಕುತ್ತದೆ. ಈಗಿನ ಅಧಿಸೂಚನೆಯಂತೆ ಅದು ಜಾರಿಗೆ ಬರುವುದು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ. ನಾಗರಿಕರು ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟರೆ ಮಾತ್ರ 10,000 ರೂಪಾಯಿವರೆಗೆ ದಂಡವಿದೆ. ಹೊಸ ಕಾಯ್ದೆಯ ಹಣದ ಲೆಕ್ಕದಲ್ಲಿ ಸಾಮಾನ್ಯರ ಜೇಬು ಬರುವುದು ಅಲ್ಲಿ ಮಾತ್ರ.

ಇದು ಮರೆತು ಬಿಟ್ಟುಹೋದದ್ದಲ್ಲ. ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟ ಕರಡಿನಲ್ಲಿ ಪರಿಹಾರದ ಹಕ್ಕಿತ್ತು. ಸರ್ಕಾರ 2019ರಲ್ಲಿ ಮಂಡಿಸಿದ ಮಸೂದೆಯಲ್ಲೂ ಇತ್ತು. ಕೊನೆಯ ಕಾಯ್ದೆಯಲ್ಲಿ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. ಹಕ್ಕು ಮುರಿದಾಗ ಮುರಿಸಿಕೊಂಡವರಿಗೆ ಏನೂ ಸಿಗದಿದ್ದರೆ ಅದು ಹಕ್ಕೋ, ಬರೀ ಗೌರವದ ಮಾತೋ ಎಂಬ ಪ್ರಶ್ನೆ ಏಳುತ್ತದೆ.

ಪರಿಹಾರ ಬೇಡವೆನ್ನುವವರ ವಾದವನ್ನೂ ಕೇಳಬೇಕು. ಕೋಟ್ಯಂತರ ಜನರಿಗೆ ಪರಿಹಾರ ಕೊಡಲು ಹೊರಟರೆ ಕಂಪನಿಗಳು ಮುಳುಗುತ್ತವೆ, ಅಂಜಿಕೆಗೆ ಬೆಲೆ ಕಟ್ಟುವುದು ಹೇಗೆ, ಕದ್ದವನು ಬೇರೆಯವನಲ್ಲವೇ ಎನ್ನುತ್ತಾರೆ. ಅಮೆರಿಕದ ಈಕ್ವಿಫ್ಯಾಕ್ಸ್ ಪ್ರಕರಣ ಅವರ ಕೈಗೆ ಸಿಗುತ್ತದೆ. ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿದ್ದಕ್ಕೆ 2019ರಲ್ಲಿ ರಾಜಿಯಾಗಿ 125 ಡಾಲರ್ ಸಿಗುತ್ತದೆಂದು ಹೇಳಲಾಯಿತು. ಅರ್ಜಿಗಳು ಬಂದು ಬಿದ್ದ ಮೇಲೆ ಅಷ್ಟು ಸಿಗುವುದಿಲ್ಲ ಎಂದಾಯಿತು.

ಆದರೆ ಯುರೋಪಿನಲ್ಲಿ ಅಂಜಿಕೆಯೂ ನಷ್ಟವಾಗಬಹುದು. ಬಲ್ಗೇರಿಯಾದ ತೆರಿಗೆ ಇಲಾಖೆಯಿಂದ ಲಕ್ಷಾಂತರ ಜನರ ಮಾಹಿತಿ ಸೋರಿದ ಪ್ರಕರಣದಲ್ಲಿ, ದುರ್ಬಳಕೆಯಾದೀತೆಂಬ ಭಯವೂ ಪರಿಹಾರಕ್ಕೆ ಅರ್ಹವಾದ ಹಾನಿ ಆಗಬಹುದು ಎಂದು ಅಲ್ಲಿನ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ಹೇಳಿತು. ಅಂಥ ಭಯಕ್ಕೆ ಆಧಾರವಿದೆಯೇ ಎಂದು ನೋಡುವ ಕೆಲಸ ಆಯಾ ದೇಶದ ನ್ಯಾಯಾಲಯದ್ದು.

ಇನ್ನು ಕದ್ದವನು ಬೇರೆಯವನಲ್ಲವೇ ಎಂಬ ಪ್ರಶ್ನೆ. ಪೆರುಂಗುಡಿಗೆ ಅದರ ಉತ್ತರ ಗೊತ್ತಿರಬೇಕು. ಐಟಿ ಕಟ್ಟಡಗಳಿಂದ ಸ್ವಲ್ಪ ದೂರದಲ್ಲೇ, ಪಳ್ಳಿಕರಣೈ ಜೌಗಿನ ಅಂಚಿನಲ್ಲಿ, ದಶಕಗಳಿಂದ ಚೆನ್ನೈ ತನ್ನ ಕಸ ಸುರಿಯುತ್ತಾ ಬಂದಿದೆ. ಲಾಭ ಒಬ್ಬರಿಗೆ, ಹೊಗೆ ಇನ್ನೊಬ್ಬರಿಗೆ. ಇಂಥ ಲೆಕ್ಕ ಸರಿಯಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತಮಿಳುನಾಡಿನದೇ ವೆಲ್ಲೂರು ಚರ್ಮದ ಕಾರ್ಖಾನೆಗಳ ಪ್ರಕರಣದಲ್ಲಿ ಹೇಳಿತು. ಮಾಲಿನ್ಯ ಮಾಡಿದವರು ಪರಿಸರವನ್ನು ಸರಿಪಡಿಸುವ ಖರ್ಚನ್ನೂ ಹೊರಬೇಕು, ನೊಂದವರಿಗೆ ಪರಿಹಾರವನ್ನೂ ಕೊಡಬೇಕು. ವಿಷವನ್ನು ರಾಶಿ ಹಾಕಿಕೊಂಡವರು ಅದನ್ನು ಕಾಯಬೇಕು. ಜನರ ರೋಗದ ವಿವರವನ್ನು ರಾಶಿ ಹಾಕಿಕೊಂಡು ವ್ಯಾಪಾರ ಮಾಡುವವರಿಗೂ ಅದೇ ನ್ಯಾಯ ಸಲ್ಲಬೇಕು. ಕಳ್ಳ ಬಂದದ್ದು ನಿಜ, ಆದರೆ ಬೀಗ ಹಾಕುವ ಕೆಲಸ ಯಾರದಾಗಿತ್ತು?

ಕಾಯ್ದೆ ಬದಲಾಗುವವರೆಗೆ ಪೆರುಂಗುಡಿಯ ಆ ಇಂಜಿನಿಯರ್‌ಗೆ ಉಳಿಯುವ ಒಳ್ಳೆಯ ದಾರಿ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಕಳುವಾದದ್ದು ಬಿಟ್ಟುಕೊಟ್ಟಂತಲ್ಲ ಎಂದು ಕಂಪನಿ ವಾದಿಸೀತು. ಆಗ ಸೇವಾ ನ್ಯೂನತೆ ಎಂಬ ಇನ್ನೊಂದು ಆಧಾರವಿದೆ, ನಿರ್ಲಕ್ಷ್ಯವೂ ಅದರೊಳಗೆ ಬರುತ್ತದೆ. ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪೆರುಂಗುಡಿ 2018ರಿಂದ ಚೆನ್ನೈ ಜಿಲ್ಲೆಗೆ ಸೇರಿರುವುದರಿಂದ ಚೆನ್ನೈಯಲ್ಲೇ ಆ ಕೆಲಸ ಆಗುತ್ತದೆ. ಕಟ್ಟಿದ ಪ್ರೀಮಿಯಂ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನಿನಲ್ಲೇ ದೂರು ಸಲ್ಲಿಸಬಹುದು. ಆದರೆ ಎರಡು ವರ್ಷದ ಗಡುವಿದೆ. ಅದಕ್ಕಿಂತ ಮುಖ್ಯವಾದದ್ದು 35ನೇ ಸೆಕ್ಷನ್. ಒಂದೇ ತೊಂದರೆಗೆ ಸಿಕ್ಕಿದ ಹಲವರ ಪರವಾಗಿ, ಆಯೋಗದ ಅನುಮತಿ ಪಡೆದು, ಒಬ್ಬರೋ ಕೆಲವರೋ ದೂರು ಕೊಡಬಹುದು. ಹೊಸ ಡೇಟಾ ಕಾಯ್ದೆ ಸಿವಿಲ್ ನ್ಯಾಯಾಲಯಗಳಿಗೆ ತಡೆ ಹಾಕಿದೆ. ಆದರೆ ತಾನು ಬೇರೆ ಕಾನೂನುಗಳಿಗೆ ಹೆಚ್ಚುವರಿಯೇ ಹೊರತು ಅವುಗಳನ್ನು ಕುಗ್ಗಿಸುವುದಿಲ್ಲ ಎಂದೂ ಅದರ 38ನೇ ಸೆಕ್ಷನ್ ಹೇಳುತ್ತದೆ. ಆ ಸಾಲನ್ನು ಹಿಡಿದು ಗ್ರಾಹಕ ಆಯೋಗದ ಬಾಗಿಲು ತೆರೆದೇ ಇದೆ ಎಂದು ವಾದಿಸಲು ಅವಕಾಶವಿದೆ.

ದೂರಿಗೆ ಬೇಕಾಗುವುದು ಕಾಗದ. ಕಂಪನಿಯಿಂದ ಬಂದ ಪ್ರತಿ ಇಮೇಲ್, ಅನುಮಾನದ ಕರೆಗಳ ದಿನಾಂಕ, ತನ್ನ ಯಾವ ವಿವರ ಸೋರಿತು ಎಂದು ಕಂಪನಿಗೆ ಬರೆದು ಕೇಳಿದ ಪತ್ರ, ಅದಕ್ಕೆ ಬಂದ ಉತ್ತರ ಅಥವಾ ಮೌನ, ಎಲ್ಲವನ್ನೂ ಇಟ್ಟುಕೊಳ್ಳಬೇಕು. ನಿರ್ಲಕ್ಷ್ಯವನ್ನು ಸಾಬೀತು ಮಾಡುವ ಹೊರೆ ಇಂದಿಗೂ ನೊಂದವರ ಮೇಲೆಯೇ ಇದೆ.

ಆ ಹೊರೆ ಇಳಿಸುವುದು ಸಂಸತ್ತಿಗೆ ಕಷ್ಟದ ಕೆಲಸವಲ್ಲ. 2019ರ ಮಸೂದೆಯಲ್ಲಿದ್ದ ಪರಿಹಾರದ ಹಕ್ಕನ್ನು ಮರಳಿ ಸೇರಿಸಲಿ. ಅಷ್ಟು ತಕ್ಷಣ ಆಗದಿದ್ದರೆ, ವಸೂಲಾದ ದಂಡದ ಒಂದು ಪಾಲು ನೊಂದವರಿಗೆ ಹೋಗುವಂತೆ ಮಾಡಲಿ. ಅದೂ ಆಗುವವರೆಗೆ 43ಎಯನ್ನು ಅಳಿಸುವ ದಿನವನ್ನು ಮುಂದೂಡಲಿ, ಅದಕ್ಕೆ ಒಂದು ಅಧಿಸೂಚನೆ ಸಾಕು. 2027ರ ಮೇ ಬರುವ ಮೊದಲು ಇದನ್ನು ಕೇಳದಿದ್ದರೆ, ಮುಂದಿನ ಸೋರಿಕೆಯ ದಂಡ 3 ಕೋಟಿಯ ಬದಲು 250 ಕೋಟಿಯೇ ಆದರೂ ಪಾಲಿಸಿದಾರರ ಪಾಲಿಗೆ ಬರುವುದು ಇಂದಿನಷ್ಟೇ: ಏನೂ ಇಲ್ಲ.