ಮೊದಲ ಪರೀಕ್ಷೆ ಗಂಡನಿಗಾಗಲಿ

ಮದುವೆಯಾಗಿ ಎರಡು ವರ್ಷ ಕಳೆದರೆ ಸಾಕು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ಸೊಸೆಯ ಅಲೆದಾಟ ಶುರುವಾಗುತ್ತದೆ. ನಾಗರಕಟ್ಟೆ, ಹರಕೆ, ನಾಟಿ ಔಷಧ, ಆಮೇಲೆ ಮೈಸೂರಿನಲ್ಲಿ ಸ್ಕ್ಯಾನಿಂಗು. ಗಂಡನ ಹೆಸರಿನಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ತೊಂದರೆಯೂ ಸೇರಿರುತ್ತದೆ ಎಂಬುದು ವೈದ್ಯರಿಗೆಲ್ಲ ಗೊತ್ತು. ಗೊತ್ತಿದ್ದೂ ಹೆಣ್ಣುಮಗಳನ್ನೇ ಮುಂದೆ ತಳ್ಳುವುದು ಅನ್ಯಾಯ.

ವೀರ್ಯ ಪರೀಕ್ಷೆಗೆ ಸೂಜಿ ಬೇಡ, ನೋವಿಲ್ಲ, ಖರ್ಚೂ ಕಡಿಮೆ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಮಾದರಿ ಕೊಡಬೇಕು. ಅದನ್ನು ಒಂದು ಗಂಟೆಯೊಳಗೆ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತೊಡಕಿರುವುದು ಇಲ್ಲೇ. ಎಚ್.ಡಿ. ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿ.ಮೀ., ಪಿರಿಯಾಪಟ್ಟಣ ಇನ್ನೂ ದೂರ. ಮನೆಯಲ್ಲಿ ಹಿಡಿದಿಟ್ಟ ಮಾದರಿಯನ್ನು ಬಸ್ಸಿನಲ್ಲಿ ಒಯ್ದರೆ ಪ್ರಯೋಜನವಿಲ್ಲ. ಕೂಲಿ ಬಿಟ್ಟು ಹೋಗಿ, ಗುರುತಿಲ್ಲದ ಲ್ಯಾಬಿನ ಶೌಚಾಲಯದಲ್ಲೇ ಕೊಡಬೇಕು. ಮೊದಲೇ ಅಳುಕುವ ಗಂಡಸು ತಪ್ಪಿಸಿಕೊಳ್ಳಲು ಇಷ್ಟು ಸಾಕು. ಆದ್ದರಿಂದ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಈ ಪರೀಕ್ಷೆಯಲ್ಲಿ ಪಳಗಿದ ಒಬ್ಬ ಟೆಕ್ನಿಷಿಯನ್ ಖಾತ್ರಿಯಾಗಿ ಇರಲೇಬೇಕು.

ಪರೀಕ್ಷೆಯ ಜೊತೆಗೆ ದುಡಿಮೆಯನ್ನೂ ಗಮನಿಸಬೇಕು. ಇದು ವರ್ಜೀನಿಯಾ ತಂಬಾಕಿನ ಸೀಮೆ. ಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ (ಸೊಪ್ಪು ಒಣಗಿಸುವ ಮನೆ) ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯುವವರಿದ್ದಾರೆ. ವೃಷಣಗಳು ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪಾಗಿದ್ದರೇನೇ ವೀರ್ಯಾಣು ಸರಿಯಾಗಿ ಬೆಳೆಯುವುದು. ದುಡಿಮೆಯ ಬಿಸಿ, ಬೀಡಿ, ಸಿಂಪಡಿಸುವ ಔಷಧ, ಈ ಮೂರನ್ನೂ ವೈದ್ಯರು ಕೇಳಿಯೇ ಮುಂದಿನ ಮಾತಾಡಬೇಕು. ಒಂದು ವರದಿಯಲ್ಲಿ ವೀರ್ಯಾಣು ಕಡಿಮೆ ಬಂದರೆ ಎದೆಗುಂದಬೇಕಿಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಚಟ ಬಿಟ್ಟು, ಮೂರು ತಿಂಗಳ ನಂತರ ಮತ್ತೆ ನೋಡಿಸಬೇಕು.

ವೃಷಣದ ರಕ್ತನಾಳ ಊದಿಕೊಳ್ಳುವ ವ್ಯಾರಿಕೊಸೀಲ್‌ಗೆ ಶಸ್ತ್ರಚಿಕಿತ್ಸೆಯಿದೆ. ಸೋಂಕಿಗೆ, ಹಾರ್ಮೋನ್ ಕೊರತೆಗೆ ಔಷಧವಿದೆ. ವೀರ್ಯದಲ್ಲಿ ಒಂದೂ ವೀರ್ಯಾಣು ಕಾಣದವರಲ್ಲೂ ಕೆಲವರಿಗೆ ವೃಷಣದಿಂದಲೇ ಅದನ್ನು ತೆಗೆದು, ಒಂದೊಂದನ್ನೇ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನವಿದೆ. ಬೆಲ್ಜಿಯಂನ ವೈದ್ಯರು 1992ರಲ್ಲೇ ಇಕ್ಸಿಯಲ್ಲಿ ಯಶಸ್ಸು ಕಂಡರು.

ಆದರೆ ಖಾಸಗಿಯಲ್ಲಿ ಒಂದು ಸಲದ ಚಿಕಿತ್ಸೆಗೇ ಲಕ್ಷ ದಾಟುತ್ತದೆ, ಆಯುಷ್ಮಾನ್ ಕಾರ್ಡ್ ಇದಕ್ಕೆ ನಡೆಯುವುದಿಲ್ಲ. ತಂಬಾಕು ಹರಾಜಿನ ದುಡ್ಡು, ಹೆಂಡತಿಯ ಒಡವೆ ಎಲ್ಲವೂ ಇದಕ್ಕೇ ಹೋಗುತ್ತದೆ. ಗೋವಾ ತನ್ನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ 2023ರಲ್ಲಿ ಉಚಿತ ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆ ಆರಂಭಿಸಿತು. ಈ ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳು ಕಷ್ಟದ ಹೆರಿಗೆಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆಗೇ ಹೋಗುತ್ತಾರೆ. ಗಂಡ ಹೆಂಡತಿ ಇಬ್ಬರಿಗೂ ಈ ಚಿಕಿತ್ಸೆ ಅಲ್ಲೇ ಉಚಿತವಾಗಿ ಸಿಗಬೇಕು.