ಹವ್ಯಾಸ ಬದಲಾಗಲಿ, ಕೋಣೆ ಉಳಿಯಲಿ

"ಮನೆಯಲ್ಲಿ ಒಂದು ಚಿಕ್ಕ ಕಾರ್ಯಾಗಾರವನ್ನು ಮಾಡಿಕೊಳ್ಳಬೇಕೆಂದಿದ್ದೇನೆ, ಮೊದಲು ಯಾವ ಉಪಕರಣವನ್ನು ಕೊಳ್ಳಲಿ, ಸಾರ್?" ಎಂದು ವಿದ್ಯಾರ್ಥಿಗಳು ನನ್ನನ್ನು ಆಗಾಗ ಕೇಳುವುದುಂಟು. ಉಪಕರಣದ ಮಾತು ಆಮೇಲಾಗಲಿ, ಮೊದಲು ಜಾಗವನ್ನು ಕುರಿತು ಯೋಚಿಸು ಎಂಬುದೇ ನನ್ನ ಉತ್ತರ. ಒಂದೇ ಹವ್ಯಾಸಕ್ಕೆಂದು ಕಟ್ಟಿದ ಕೋಣೆಯು ಆ ಹವ್ಯಾಸದೊಡನೆಯೇ ಬೀಗ ಹಾಕಿಸಿಕೊಳ್ಳುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಕೆಲವು ವರ್ಷಗಳ ಹಿಂದೆ, ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಸ್ಕೂಟರು ನಿಲ್ಲಿಸುವ ಷೆಡ್ಡಿನಲ್ಲಿ, ದೂರದರ್ಶಕಕ್ಕಾಗಿ ಆರು ಅಂಗುಲದ ಕನ್ನಡಿಯೊಂದನ್ನು ಉಜ್ಜಲು ತೊಡಗಿದೆ. ಗಾಜನ್ನು ಉಜ್ಜುವವನು ಅದರ ಸುತ್ತಲೂ ನಡೆಯಬೇಕು. ಆದಕಾರಣ ಷೆಡ್ಡಿನ ನಟ್ಟನಡುವೆ ಇಟ್ಟಿಗೆಯ ಕಂಬವೊಂದನ್ನು ಕಟ್ಟಿಸಿ, ಅದರ ಮೇಲೆ ಕಡಪದ ಕಲ್ಲನ್ನು ಸಿಮೆಂಟಿನಿಂದ ಭದ್ರವಾಗಿ ಕೂರಿಸಿದೆ. ಕನ್ನಡಿಯೇನೋ ಸಿದ್ಧವಾಯಿತು. ಆದರೆ ಅದಕ್ಕೆ ಮರದ ಪೀಠವನ್ನು ಮಾಡಲೆಂದು ಎಂಟು ಅಡಿಯ ಹಲಗೆಯನ್ನು ಒಳಗೆ ತಂದಾಗ ಆ ಕಂಬವೇ ಅಡ್ಡವಾಯಿತು. ಅದನ್ನು ಒಡೆಸುವ ಮನಸ್ಸಾಗುವಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು. ಆ ಅವಧಿಯಲ್ಲಿ ಷೆಡ್ಡಿನಲ್ಲಿ ನಡೆದ ಕೆಲಸ ಸೊನ್ನೆ.

ನಾನು ಮಾಡಿದ ತಪ್ಪನ್ನು ನಮ್ಮ ಸೀಮೆಯ ಯಾವ ರೇಷ್ಮೆ ಬೆಳೆಗಾರನೂ ಮಾಡುವುದಿಲ್ಲ. ಶಿಡ್ಲಘಟ್ಟದ ಆಸುಪಾಸಿನ ಹುಳುಮನೆಯೊಂದನ್ನು ಹೊಕ್ಕು ನೋಡಿರಿ. ಚಾಕಿ ಹುಳುಗಳಿಗೆ ಕೆಲವೇ ತಟ್ಟೆಗಳಷ್ಟು ಜಾಗ ಸಾಕು. ಹುಳುವು ನಾಲ್ಕು ಜ್ವರಗಳನ್ನು ದಾಟಿ, ನಾಲ್ಕು ವಾರಗಳೊಳಗಾಗಿ ಹುಟ್ಟಿದಾಗಿನ ತನ್ನ ತೂಕಕ್ಕಿಂತ ಸುಮಾರು 10,000 ಪಟ್ಟು ಬೆಳೆಯುತ್ತದೆ. ಅದು ಬೆಳೆದಂತೆಲ್ಲ ಅದರ ಹಾಸಿಗೆಯನ್ನು ವಿಸ್ತರಿಸುತ್ತ ಹೋಗುತ್ತಾರೆ. ಕೊನೆಯಲ್ಲಿ ಇಡೀ ಕೋಣೆಯೇ ಹುಳುವಿನದಾಗುತ್ತದೆ. ಹುಳು ಹಣ್ಣಾದೊಡನೆ ಚಂದ್ರಿಕೆಗಳು ಬರುತ್ತವೆ. ಗೂಡು ಬಿಡಿಸಿದ ಮೇಲೆ ಅವು ಹೊರಗೆ ಹೋಗುತ್ತವೆ. ಕೋಣೆಯನ್ನು ತೊಳೆದು, ರೋಗಾಣುಗಳನ್ನು ನಾಶಪಡಿಸಿ, ಮುಂದಿನ ಬೆಳೆಗೆ ಅಣಿಮಾಡುತ್ತಾರೆ. ಒಂದೇ ಕೋಣೆ ಒಂದೇ ತಿಂಗಳಿನಲ್ಲಿ ಮೂರು ರೂಪಗಳನ್ನು ತಾಳುತ್ತದೆ. ಅಲ್ಲಿ ಸ್ಥಿರವಾದುವು ಗೋಡೆ, ಬೆಳಕು, ಗಾಳಿ ಇವು ಮಾತ್ರ, ಮಿಕ್ಕುದೆಲ್ಲವೂ ಎತ್ತಿಡಬಹುದಾದದ್ದು. ಮನೆಯ ಕಾರ್ಯಾಗಾರಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ?

ಹೀಗೆ ಕೋಣೆಯ ರೂಪವನ್ನು ಬದಲಾಯಿಸುವುದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಕನ್ನಡಿಯ ಕೆಲಸವನ್ನೇ ನೋಡೋಣ. ಮೊದಲ ಹಂತದಲ್ಲಿ ಗಾಜನ್ನು ಉಜ್ಜುವ ಒರಟು ಕಾರ್ಬೊರಂಡಂ ಕಣದ ಗಾತ್ರ ಸುಮಾರು 0.2 ಮಿಲಿಮೀಟರು. ಕೊನೆಯ ಹಂತದಲ್ಲಿ ಕನ್ನಡಿಯ ಮೈ ಬೆಳಕಿನ ತರಂಗದ ಕಾಲುಭಾಗದಷ್ಟು, ಎಂದರೆ ಸುಮಾರು 0.00014 ಮಿಲಿಮೀಟರಿನಷ್ಟು, ನಿಖರವಾಗಿರಬೇಕು. ಮೊದಲಿನ ಒಂದೇ ಒಂದು ಕಣ ಆ ನಿಖರತೆಗಿಂತ ಸಾವಿರ ಪಟ್ಟಿಗೂ ದೊಡ್ಡದು. ಅದು ಯಾವುದೋ ಮೂಲೆಯಲ್ಲಿ ಉಳಿದು ಹೊಳಪು ಕೊಡುವಾಗ ಗಾಜಿನಡಿ ಸಿಕ್ಕಿತೆಂದರೆ ವಾರಗಳ ಶ್ರಮ ಒಂದು ಗೀರಿನಿಂದ ಹಾಳಾಗುತ್ತದೆ. ಒಂದೇ ಹವ್ಯಾಸದ ಎರಡು ಹಂತಗಳೇ ಒಂದಕ್ಕೊಂದು ಆಗಿಬರದಿರುವಾಗ, ಮರಗೆಲಸ, ಬೆಸುಗೆ, ಬಣ್ಣ ಬಳಿಯುವುದು ಇವೆಲ್ಲ ಒಂದೇ ಸೂರಿನಡಿ ನಡೆಯಬೇಕಾದರೆ, ಕೋಣೆಯನ್ನು ಗುಡಿಸಿ ತೊಳೆದು ಬೇರೆಯಾಗಿಸಲು ಸಾಧ್ಯವಾಗಲೇಬೇಕು.

ಅಲ್ಲದೆ, ಮನಸ್ಸು ಒಂದೆಡೆ ನಿಲ್ಲುವಂಥದಲ್ಲ. ವಿದ್ಯಾರ್ಥಿದಶೆಯಲ್ಲಿ ಅದು ನಿಲ್ಲಲೂಬಾರದು. ಈ ವರ್ಷ ಕನ್ನಡಿಯಲ್ಲಿ ನಕ್ಷತ್ರವನ್ನು ನೋಡಿದವನಿಗೆ ಮುಂದಿನ ವರ್ಷ ಅದರ ರೇಡಿಯೋ ಧ್ವನಿಯನ್ನು ಕೇಳುವ ಆಸೆ ಹುಟ್ಟೀತು. ನಮ್ಮ ಗೌರಿಬಿದನೂರಿನ ಬಳಿ 1976ರಲ್ಲಿ ಕೆಲಸವನ್ನಾರಂಭಿಸಿದ ರೇಡಿಯೋ ದೂರದರ್ಶಕವು 34.5 ಮೆಗಾಹರ್ಟ್ಸ್ ಆವರ್ತಾಂಕಕ್ಕಾಗಿ 1,000 ದ್ವಿಧ್ರುವ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಅಕ್ಷರದಾಕಾರದಲ್ಲಿ ಜೋಡಿಸಿ ರಚಿಸಿದ್ದಾಗಿತ್ತು. ಆ ಆವರ್ತಾಂಕದ ತರಂಗದ ಉದ್ದ ಸುಮಾರು 8.7 ಮೀಟರು, ಅರ್ಧ ತರಂಗದ ಆಂಟೆನಾಕ್ಕೆ ಸುಮಾರು 4.3 ಮೀಟರು ತಂತಿ ಬೇಕು. ಅದನ್ನು ಅಳೆದು, ಕತ್ತರಿಸಿ, ಬೆಸೆಯುವ ಕೆಲಸ ವಿದ್ಯಾರ್ಥಿಯ ಕೈಗೆ ಮೀರಿದ್ದಲ್ಲ. ಆದರೆ ಷೆಡ್ಡಿನ ನಡುವೆ ಕಲ್ಲಿನ ಕಂಬವಿದ್ದರೆ ಆ ತಂತಿಯನ್ನು ಹಾಸುವುದೆಲ್ಲಿ?

ನನ್ನ ಅನುಭವದಿಂದ ಹೊರಟ ನಿಯಮಗಳು ಕೆಲವೇ. ಮೊದಲನೆಯದು, ನೆಲದ ನಡುಭಾಗ ಯಾರ ಸ್ವತ್ತೂ ಅಲ್ಲ; ಉಪಕರಣಗಳೆಲ್ಲ ಗೋಡೆಗೆ ಏರತಕ್ಕದ್ದು. ಎರಡನೆಯದು, ಮೇಜು ಒಂದೇ ಇರಲಿ, ಗಟ್ಟಿಯಾಗಿರಲಿ, ತಡೆಯುಳ್ಳ ಗಾಲಿಗಳ ಮೇಲಿರಲಿ. ಭಾರವಾದ ಸಾಮಾನನ್ನು ಅದರ ಕೆಳಹಲಗೆಯ ಮೇಲೆ ಇಟ್ಟರೆ ಗುರುತ್ವಕೇಂದ್ರ ಕೆಳಗಿಳಿದು ಮೇಜು ಅಲುಗದೆ ನಿಲ್ಲುತ್ತದೆ. ಮೂರನೆಯದು, ಬೆಳಕು ಕೆಲಸದ ಬಳಿಗೆ ಬರುವಂತಿರಲಿ. ಎರಡು ಮೀಟರು ದೂರದ ಚಿಕ್ಕ ದೀಪವನ್ನು ಒಂದು ಮೀಟರಿಗೆ ತಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆಂಬುದನ್ನು ನೀವು ತರಗತಿಯಲ್ಲಿ ಓದಿದ್ದೀರಿ. ಅದನ್ನು ಇಲ್ಲಿ ಬಳಸಿರಿ.

ನಾಲ್ಕನೆಯ ನಿಯಮ ವಿದ್ಯುತ್ತಿಗೆ ಸೇರಿದ್ದು. ಮುಂದೆ ಯಾವ ಯಂತ್ರ ಬರುವುದೋ ತಿಳಿಯದು. ಆದ್ದರಿಂದ ಪ್ರತಿ ಗೋಡೆಯಲ್ಲಿಯೂ ಸಾಕೆಟ್ಟಿರಲಿ. 230 ವೋಲ್ಟಿನಲ್ಲಿ 6 ಆಂಪಿಯರಿನ ಸಾಕೆಟ್ಟು ಸುಮಾರು 1,400 ವಾಟನ್ನು ಕೊಡಬಲ್ಲದು. ದೊಡ್ಡ ಯಂತ್ರಕ್ಕೆ 16 ಆಂಪಿಯರಿನದು ಬೇಕು. ಭೂಸಂಪರ್ಕವೂ, ಸೋರಿಕೆಯಾದೊಡನೆ ಪ್ರವಾಹವನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚೂ ಇರಲೇಬೇಕು. ಈ ಕೆಲಸವನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿರಿ. ಇನ್ನೊಂದು ಎಚ್ಚರಿಕೆಯೆಂದರೆ, ಹುಳು ಸಾಕುತ್ತಿರುವ ಮನೆಯಲ್ಲಾಗಲಿ ಅದರ ಮಗ್ಗುಲಲ್ಲಾಗಲಿ ಬಣ್ಣ, ಬೆಸುಗೆಗಳ ಹೊಗೆ ಏಳಕೂಡದು.

ಚಿಂತಾಮಣಿಯ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿ ಹೇಳಿದ: "ಸಾರ್, ನಮ್ಮ ಮನೆಯಲ್ಲಿ ಕಾರೂ ಇಲ್ಲ, ಷೆಡ್ಡೂ ಇಲ್ಲ. ಇದೆಲ್ಲ ಉಳ್ಳವರ ಮಾತು." ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಬದಲಾಗಬಲ್ಲ ಜಾಗದ ತತ್ತ್ವ ಹೆಚ್ಚು ಬೇಕಾಗಿರುವುದು ಜಾಗವಿಲ್ಲದವನಿಗೇ ಅಲ್ಲವೆ? ಹಿತ್ತಲಿನ ಜಗಲಿ, ಬರಿದಾದ ಕೊಟ್ಟಿಗೆ, ಗೋಡೆಗೆ ಕೀಲು ಹಾಕಿ ಮಡಿಸಬಹುದಾದ ಒಂದು ಹಲಗೆ, ಬೀಗವಿರುವ ಒಂದು ತಗಡಿನ ಪೆಟ್ಟಿಗೆ, ಇಷ್ಟಿದ್ದರೂ ಆರಂಭಿಸಬಹುದು. ಸಂಜೆ ಹಲಗೆಯನ್ನು ಮಡಿಸಿದರೆ ಜಗಲಿ ಮತ್ತೆ ಮನೆಯವರದು.

ಹಿರಿಯರ ಆಕ್ಷೇಪಣೆ ಬೇರೆ: "ಅಂಕ ತರುವ ಹುಡುಗನಿಗೆ ಈ ಸುತ್ತಿಗೆ ಏಕೆ?" ಓಮನ ನಿಯಮವನ್ನು ತಪ್ಪಿಲ್ಲದೆ ಬರೆದು, ಮೂರು ತಂತಿಗಳಲ್ಲಿ ಭೂತಂತಿ ಯಾವುದೆಂದು ಗುರುತಿಸಲಾರದ ವಿದ್ಯಾರ್ಥಿಗಳನ್ನು ನಾನು ಪ್ರತಿವರ್ಷವೂ ಕಾಣುತ್ತೇನೆ. ಆ ಅಜ್ಞಾನ ಪರೀಕ್ಷೆಯಲ್ಲಿ ಅಂಕವನ್ನು ಕಳೆಯದಿರಬಹುದು. ಮನೆಯಲ್ಲಿ ಪ್ರಾಣವನ್ನೇ ಕಳೆಯಬಲ್ಲದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ ಭೌತವಿಜ್ಞಾನದ ಅಧ್ಯಾಪಕರಾದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸುವುದನ್ನು ಬಾಳಿನುದ್ದಕ್ಕೂ ಬೋಧಿಸಿದರು. ಪ್ರಶ್ನೆ ಬಾಯಿಂದ ಮಾತ್ರ ಹೊರಡುವುದಲ್ಲ, ಕೈಯೂ ಪ್ರಶ್ನಿಸುತ್ತದೆ. ಹಾಗೆ ಪ್ರಶ್ನಿಸಲು ಅದಕ್ಕೆ ಸ್ವಲ್ಪ ಜಾಗ ಬೇಕು.

ವಿದ್ಯಾರ್ಥಿಮಿತ್ರರೆ, ಈ ರಜೆಯಲ್ಲಿ ಉಪಕರಣಗಳ ಪಟ್ಟಿಯನ್ನು ಬದಿಗಿಡಿರಿ. ಒಂದು ಅಳತೆಪಟ್ಟಿಯನ್ನೂ ಒಂದು ಸೀಮೆಸುಣ್ಣವನ್ನೂ ಹಿಡಿದು, ನಿಮ್ಮ ಮನೆಯಲ್ಲಿ ಬರಿದಾಗಿರುವ ಮೂಲೆಯನ್ನು ಅಳೆಯಿರಿ. ಮೇಜು ಎಲ್ಲಿ ಎಂಬುದನ್ನು ನೆಲದ ಮೇಲೆ ಬರೆಯಿರಿ; ಒಪ್ಪದಿದ್ದರೆ ಅಳಿಸಿ ಮತ್ತೊಮ್ಮೆ ಬರೆಯಿರಿ. ಸೀಮೆಸುಣ್ಣದ ಗೆರೆಯನ್ನು ಅಳಿಸಲು ಒದ್ದೆ ಬಟ್ಟೆ ಸಾಕು. ಸಿಮೆಂಟನ್ನು ಅಳಿಸಲು ನನಗೆ ಅರ್ಧ ವರ್ಷ ಹಿಡಿಯಿತು.