ಔಷಧದ ಅಳತೆಯೂ ವಂಶವಾಹಿಯ ಗುಣವೂ

ಅತಿಯಾದರೆ ಅಮೃತವೂ ವಿಷ ಎಂಬುದು ಹಿರಿಯರ ಮಾತು. ಆದರೆ ಯಾವುದು ಅತಿ, ಯಾವುದು ಮಿತ ಎಂಬುದು ಎಲ್ಲ ದೇಹಗಳಿಗೂ ಒಂದೇ ಅಲ್ಲ. ಕ್ಯಾನ್ಸರ್ ರೋಗಕ್ಕೆ ಕೊಡುವ ಔಷಧಗಳ ವಿಷಯದಲ್ಲಂತೂ ಈ ಭೇದವು ಜೀವನ್ಮರಣದ ಪ್ರಶ್ನೆಯಾಗಿದೆ.

ದೊಡ್ಡಕರುಳು ಮತ್ತು ಜಠರದ ಕ್ಯಾನ್ಸರಿಗೆ ಬಳಸುವ 5-ಫ್ಲೂರೋಯುರಾಸಿಲ್ ಔಷಧವನ್ನು 1957ರಲ್ಲಿ ಅಮೆರಿಕದ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಅವರ ಸಹೋದ್ಯೋಗಿಗಳು ಲೋಕಕ್ಕೆ ನೀಡಿದರು. ದೇಹಕ್ಕೆ ಸೇರಿದ ಈ ಔಷಧದ ಶೇಕಡ 80ಕ್ಕೂ ಹೆಚ್ಚು ಭಾಗವನ್ನು ಡಿಪಿಡಿ ಎಂಬ ಕಿಣ್ವವು ಮುಖ್ಯವಾಗಿ ಯಕೃತ್ತಿನಲ್ಲಿ ನಿಷ್ಕ್ರಿಯಗೊಳಿಸುತ್ತದೆ. ಈ ಕಿಣ್ವದ ವಂಶವಾಹಿ ದೋಷಯುಕ್ತವಾಗಿದ್ದರೆ ಔಷಧವು ದೇಹದಲ್ಲೇ ಉಳಿದು, ಬಾಯಿಹುಣ್ಣು, ತೀವ್ರ ಭೇದಿ, ಬಿಳಿ ರಕ್ತಕಣಗಳ ಕುಸಿತಗಳನ್ನು ತರುತ್ತದೆ. ಕೆಲವೊಮ್ಮೆ ಪ್ರಾಣವನ್ನೇ ಕೊಂಡೊಯ್ಯುತ್ತದೆ. ರೋಗಿಯ ಎತ್ತರ, ತೂಕಗಳನ್ನು ಲೆಕ್ಕಹಾಕಿ ಪ್ರಮಾಣ ನಿರ್ಧರಿಸುವ ರೂಢಿಗೆ ಈ ಒಳಗಿನ ಕೊರತೆ ಕಾಣುವುದಿಲ್ಲ. ಆದುದರಿಂದಲೇ ಯೂರೋಪಿನ ಔಷಧ ಪ್ರಾಧಿಕಾರವು 2020ರಲ್ಲಿ, ಚಿಕಿತ್ಸೆಗೆ ಮುನ್ನವೇ ಈ ಕೊರತೆಯನ್ನು ಪರೀಕ್ಷಿಸಬೇಕೆಂದು ಶಿಫಾರಸು ಮಾಡಿತು.

ಅಲ್ಲಿಯ ಪರೀಕ್ಷೆಯನ್ನು ಇಲ್ಲಿಗೆ ತಂದರೆ ಸಾಕೆನ್ನುವುದು ಅವಸರದ ಮಾತಾದೀತು. ಸಾಮಾನ್ಯವಾಗಿ ಹುಡುಕುವ ನಾಲ್ಕು ವ್ಯತ್ಯಾಸಗಳು ಬಹುಮಟ್ಟಿಗೆ ಯೂರೋಪ್ ಮೂಲದ ಜನರ ಅಧ್ಯಯನದಿಂದ ಆಯ್ದವು. ಮಕ್ಕಳ ರಕ್ತಕ್ಯಾನ್ಸರಿಗೆ ಕೊಡುವ 6-ಮರ್ಕ್ಯಾಪ್ಟೊಪ್ಯೂರಿನ್ ಔಷಧವು ಇದೇ ಪಾಠವನ್ನು ಹೇಳುತ್ತದೆ. ಪಾಶ್ಚಾತ್ಯರಲ್ಲಿ ಇದರ ವಿಷಪ್ರಭಾವಕ್ಕೆ ಟಿಪಿಎಂಟಿ ಎಂಬ ಕಿಣ್ವದ ಕೊರತೆ ಮುಖ್ಯ ಕಾರಣವೆಂದು ಮೊದಲೇ ಗೊತ್ತಾಗಿತ್ತು. ಏಷ್ಯಾದ ರೋಗಿಗಳಲ್ಲಿ ಆ ಕೊರತೆಯಿಲ್ಲದಿದ್ದರೂ ರಕ್ತಕಣಗಳು ಕುಸಿಯುತ್ತಿದ್ದವು. 2014ರಲ್ಲಿ ಕೊರಿಯದ ಸಂಶೋಧಕರು ನಡ್‌ಟಿ15 ಎಂಬ ಬೇರೊಂದು ವಂಶವಾಹಿಯನ್ನು ಗುರುತಿಸಿದ ಮೇಲೆ ಈ ಒಗಟು ಬಹುಮಟ್ಟಿಗೆ ಬಿಡಿಸಿತು. ಇದರ ದೋಷ ಭಾರತೀಯರಲ್ಲೂ ವಿರಳವಲ್ಲ.

ಪರೀಕ್ಷೆಯ ವೆಚ್ಚ, ವರದಿಗಾಗಿ ಕಾಯುವ ದಿನಗಳು, ಇವು ನಿಜವಾದ ತೊಡಕುಗಳೇ. ಪರೀಕ್ಷೆಯಲ್ಲಿ ದೋಷ ಕಾಣದವರಿಗೂ ತೊಂದರೆಯಾಗಬಹುದೆಂಬುದೂ ದಿಟ. ಆದರೆ ಬದುಕಿನಲ್ಲಿ ಒಮ್ಮೆ ಮಾಡಿದರೆ ಸಾಕಾದ ಪರೀಕ್ಷೆಯ ವೆಚ್ಚವನ್ನು, ವಿಷವೇರಿದ ರೋಗಿಯನ್ನು ವಾರಗಟ್ಟಲೆ ತೀವ್ರ ನಿಗಾ ಘಟಕದಲ್ಲಿ ಉಳಿಸಿಕೊಳ್ಳುವ ವೆಚ್ಚದೊಡನೆ ತೂಗಿ ನೋಡಬೇಕು. ದೋಷ ತಿಳಿದರೆ ಚಿಕಿತ್ಸೆ ಕೈಬಿಡಲೇಬೇಕೆಂದೂ ಇಲ್ಲ. ಅನೇಕರಿಗೆ ಪ್ರಮಾಣ ತಗ್ಗಿಸಿ ಅದೇ ಔಷಧವನ್ನು ಕೊಡಬಹುದು.

ಬಡರೋಗಿಯ ಔಷಧಕ್ಕೆಂದು ಉದಾರವಾಗಿ ಹಣ ನೀಡುವ ದಾನಿಗಳು ನಾಡಿನಲ್ಲಿ ಹಲವರಿದ್ದಾರೆ. ಅವರ ದಾನದಲ್ಲಿ ಈ ಪರೀಕ್ಷೆಯ ಬೆಲೆಯೂ ಸೇರಬೇಕು. ಸರ್ಕಾರದ ಆರೋಗ್ಯ ಯೋಜನೆಗಳೂ ಇದನ್ನು ಚಿಕಿತ್ಸೆಯ ಅಂಗವೆಂದೇ ಎಣಿಸಬೇಕು. ಎಲ್ಲರಿಗೂ ಸಮನಾಗಿ ಅಳೆದು ಕೊಡುವುದಷ್ಟೇ ಸಮಾನತೆಯಲ್ಲ. ಪ್ರತಿಯೊಂದು ದೇಹದ ತಾಳುವ ಶಕ್ತಿಯನ್ನು ಮೊದಲೇ ಅರಿತು ಅಳೆದಾಗಲೇ ಔಷಧವು ಔಷಧವಾಗಿ ಉಳಿಯುತ್ತದೆ.